ಮೆಶ್ ವೈಫೈಗೆ ಯಾವ ತಂತಿ? ಕ್ಯಾಟ್ 6, ಫೈಬರ್, ಪವರ್‌ಲೈನ್, ಕೋಆಕ್ಸ್ ಹಾಕಿ ನೋಡಿದ ಹೋಲಿಕೆ

ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬ್ ಇರುವ ಎರಡಂತಸ್ತಿನ ಮನೆಯಲ್ಲಿ ಮೆಶ್ ಯೂನಿಟ್‌ಗಳನ್ನು, ಅಂದರೆ ಒಂದೇ ವೈಫೈಯನ್ನು ಮನೆಯಿಡೀ ಹಂಚುವ ಪೆಟ್ಟಿಗೆಗಳನ್ನು, ತಂತಿಯಿಲ್ಲದೆ ಬಿಟ್ಟರೆ, ಮೇಲಿನ ರೂಮಿನಲ್ಲಿ ಫೋನ್ ಪೂರ್ತಿ ಸಿಗ್ನಲ್ ತೋರಿಸುತ್ತದೆ, ವೇಗ ಮಾತ್ರ ಬರುವುದಿಲ್ಲ. ಡ್ಯುಯಲ್ ಬ್ಯಾಂಡ್ ಯೂನಿಟ್ ಒಂದೇ 5 ಗಿಗಾಹರ್ಟ್ಸ್ ರೇಡಿಯೊದಲ್ಲಿ ಫೋನನ್ನೂ ನೋಡಿಕೊಳ್ಳಬೇಕು, ಕೆಳಗಿನ ಯೂನಿಟ್‌ಗೆ ಡೇಟಾವನ್ನೂ ಸಾಗಿಸಬೇಕು. ಅಲ್ಲಿಗೇ ವೇಗ ಅರ್ಧ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಸ್ಲ್ಯಾಬ್ ತಿನ್ನುತ್ತದೆ. ಯೂನಿಟ್‌ಗಳ ನಡುವೆ ತಂತಿ ಎಳೆದರೆ ಎರಡೂ ತೊಂದರೆ ತಪ್ಪುತ್ತವೆ. ನಾಲ್ಕು ಬಗೆಯನ್ನೂ ಇಂಥ ಮನೆಗಳಲ್ಲಿ ಹಾಕಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಇಷ್ಟು: ಪೆಟ್ಟಿಗೆ ಮೇಲಿನ ಅಂಕಿ ನೋಡಿ ಆರಿಸಬೇಡಿ, ತಂತಿಗೆ ಯಾವ ದಾರಿ ಸಿಗುತ್ತದೆ ಎಂದು ನೋಡಿ ಆರಿಸಿ.

ಗೋಡೆಯೊಳಗೆ ಟಿವಿ ಅಥವಾ ಟೆಲಿಫೋನ್ ಪೈಪ್ ಇದ್ದರೆ ಕ್ಯಾಟ್ 6 (ತಾಮ್ರದ ನೆಟ್‌ವರ್ಕ್ ಕೇಬಲ್) ಬಿಟ್ಟು ಬೇರೆ ಯೋಚನೆ ಬೇಡ. ಎರಡೂ ತುದಿಯಲ್ಲಿ ಗಿಗಾಬಿಟ್ ಪೋರ್ಟ್ ಇದ್ದು ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಹಾಕಿದರೆ 940 ಎಂಬಿಪಿಎಸ್ ಆಸುಪಾಸು ಬರುತ್ತದೆ, ಮಳೆ ಬರಲಿ ಮಿಕ್ಸಿ ತಿರುಗಲಿ ಅಷ್ಟೇ ಇರುತ್ತದೆ. ಗಿಗಾಬಿಟ್‌ಗೆ, 2.5 ಗಿಗಾಬಿಟ್‌ಗೂ ಕ್ಯಾಟ್ 5ಇ 100 ಮೀಟರ್‌ವರೆಗೆ ಸಾಕು. ಆದರೆ ಎಳೆಯುವ ಕಷ್ಟ ಎರಡಕ್ಕೂ ಒಂದೇ, ಬೆಲೆಯ ವ್ಯತ್ಯಾಸ ಸಣ್ಣದು, ಹಾಗಾಗಿ ಕ್ಯಾಟ್ 6. ಕ್ಯಾಟ್ 6ಎ ದಪ್ಪ ಹೆಚ್ಚು, ಹಳೆಯ ಪೈಪಿನ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯ ದೂರಗಳಿಗೆ ಅದು ಅನಗತ್ಯ.

ಕೊಳ್ಳುವಾಗ ಸಿಸಿಎ, ಅಂದರೆ ತಾಮ್ರ ಬಳಿದ ಅಲ್ಯೂಮಿನಿಯಂ ಕೇಬಲ್ ತಲೆಗೆ ಕಟ್ಟದಂತೆ ನೋಡಿಕೊಳ್ಳಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಬೆಂಡಿನಲ್ಲಿ ಮುರಿಯುತ್ತದೆ, ರೆಸಿಸ್ಟೆನ್ಸ್ ಜಾಸ್ತಿ, ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್) ಕೊಟ್ಟರೆ ಬಿಸಿಯಾಗುತ್ತದೆ.

ಪೈಪಿನಲ್ಲಿರುವ ಹಳೆಯ ಟೆಲಿಫೋನ್ ವೈರನ್ನು ಕಿತ್ತು ಬಿಸಾಡಬೇಡಿ. ಅದರ ತುದಿಗೆ ನೈಲಾನ್ ದಾರ ಕಟ್ಟಿ ಎಳೆದುಕೊಂಡರೆ ದಾರಿ ಸಿದ್ಧ. ಆಮೇಲೆ ಆ ದಾರದಿಂದ ಕೇಬಲ್ ಎಳೆಯಿರಿ. 20 ಎಂಎಂ ಪೈಪಿನಲ್ಲಿ ಒಂದು ಸಲೀಸು, ಎರಡಾದರೆ ಬಿಗಿ. 11 ಕೆಜಿಗಿಂತ ಹೆಚ್ಚು ಎಳೆತ ಬಿದ್ದರೆ ಒಳಗಿನ ಜೋಡಿಗಳ ಹೆಣಿಗೆ ಕೆಡುತ್ತದೆ, ಆದ್ದರಿಂದ ಒಬ್ಬರು ಎಳೆಯುವಾಗ ಇನ್ನೊಬ್ಬರು ಆ ತುದಿಯಿಂದ ತಳ್ಳಿ ಕೊಡಬೇಕು. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ಎಷ್ಟೇ ಜಾಗವಿದ್ದರೂ ಹಾಕಬೇಡಿ. ಇನ್ಸುಲೇಷನ್ ಸವೆದರೆ 230 ವೋಲ್ಟ್ ನೇರ ರೂಟರಿಗೆ ಬರುತ್ತದೆ.

ತುದಿ ಕಟ್ಟುವಾಗ ಎರಡೂ ಕಡೆ ಟಿ568ಬಿ ಎಂಬ ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೆಣಿಗೆ ಬಿಚ್ಚುವುದು 13 ಎಂಎಂ ಮೀರಬಾರದು. ಗೋಡೆಯ ಕಡೆ ಪ್ಲಗ್ ಕ್ರಿಂಪ್ ಮಾಡುವ ಬದಲು ಎಳೆಗಳನ್ನು ಕೀಸ್ಟೋನ್ ಜಾಕ್‌ಗೆ (ಗೋಡೆಯ ನೆಟ್‌ವರ್ಕ್ ಸಾಕೆಟ್) ಪಂಚ್ ಮಾಡಿ, ಅಲ್ಲಿಂದ ಯೂನಿಟ್‌ಗೆ ರೆಡಿಮೇಡ್ ಪ್ಯಾಚ್ ಕಾರ್ಡ್. ವೇಗ 95 ಎಂಬಿಪಿಎಸ್ ಹತ್ತಿರ ನಿಂತುಬಿಟ್ಟರೆ ಕಾರಣ ಬಹುಪಾಲು ಇಲ್ಲೇ: ನೀಲಿ ಅಥವಾ ಕಂದು ಜೋಡಿ ಕೂತಿಲ್ಲ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಹಾಗಾಗಿ ಲೈಟ್ ಹೊತ್ತಿಕೊಂಡೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಇದೊಂದಕ್ಕಾಗಿಯೇ ಎಂಟು ದೀಪದ ಕೇಬಲ್ ಟೆಸ್ಟರ್ ಇಟ್ಟುಕೊಳ್ಳಬೇಕು.

ಒಳಗೆ ಪೈಪಿಲ್ಲ, ಹೊರಗೋಡೆ ಹಿಡಿದು ಮೇಲೆ ಹೋಗಬೇಕು ಎಂದಾಗ ನಮ್ಮ ಆಯ್ಕೆ ಫೈಬರ್. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನಲ್ಲಿ ಹೊರಗಿನ ತಾಮ್ರದ ಕೇಬಲ್‌ನಲ್ಲಿ ಹುಟ್ಟುವ ಸರ್ಜ್ ಎರಡೂ ತುದಿಯ ಪೋರ್ಟ್ ಸುಡಬಲ್ಲದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಬೇಕಾದದ್ದು ಸಿಂಗಲ್ ಮೋಡ್ ಜಿ.657.ಎ2 (ಬಾಗಿಸಿದರೂ ತಡೆಯುವ ಬಗೆ) ಡ್ರಾಪ್ ಕೇಬಲ್, ಫೈಬರಿನ ಬೆಳಕನ್ನು ತಾಮ್ರದ ಪೋರ್ಟಿಗೆ ಬದಲಿಸುವ ಎರಡು ಗಿಗಾಬಿಟ್ ಮೀಡಿಯಾ ಕನ್ವರ್ಟರ್. ಅಗ್ಗದ ಕನ್ವರ್ಟರ್‌ಗಳಲ್ಲಿ ಹಲವು 10/100 ಮಾತ್ರ, ಲೇಬಲ್ ಓದಿ. ಒಂದೇ ಎಳೆಯಲ್ಲಿ ಕೆಲಸ ಮಾಡುವವು ಎ, ಬಿ ಎಂದು ಜೋಡಿಯಾಗಿ ಬರುತ್ತವೆ: ಒಂದು 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ತಿರುಗಾಮುರುಗ. ಎರಡೂ ಎ ತಂದರೆ ಲಿಂಕ್ ಬರುವುದೇ ಇಲ್ಲ. ಕನ್ವರ್ಟರಿನ ಪೋರ್ಟ್ ಸಾಮಾನ್ಯವಾಗಿ ನೀಲಿ ಎಸ್‌ಸಿ ಕನೆಕ್ಟರಿನದು. ಇಂಟರ್ನೆಟ್ ಕಂಪನಿಯ ಹುಡುಗರ ಬಳಿ ಹೆಚ್ಚಾಗಿ ಇರುವುದು ಹಸಿರು. ಹಸಿರಿನ ಮುಖವನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಗೆ ಸಿಕ್ಕಿಸಿದರೆ ಬೆಳಕು ಸೋರಿಹೋಗುತ್ತದೆ. ಸ್ಪ್ಲೈಸಿಂಗ್ (ಫೈಬರ್ ತುದಿಗಳನ್ನು ಬೆಸೆಯುವುದು) ಬೇಡವೆಂದರೆ ಅಳತೆಗೆ ತಕ್ಕ ಪ್ಯಾಚ್ ಕಾರ್ಡ್ ಕೊಂಡು, ಎಸ್‌ಸಿ ತಲೆ ತೂರುವಂತೆ 14 ಎಂಎಂ ತೂತು ಕೊರೆಯಿರಿ. ಡ್ರಾಪ್ ಕೇಬಲ್ಲಿನ ಪಕ್ಕದ ಉಕ್ಕಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಅದನ್ನು ಹೊರಗೇ ಕತ್ತರಿಸಿ. ಫೈಬರಿನ ಒಂದು ಕೊರತೆ: ಎರಡು ಕನ್ವರ್ಟರಿಗೂ ಯುಪಿಎಸ್ ಪಾಯಿಂಟ್ ಬೇಕು.

ಮನೆಯ ಕರೆಂಟ್ ವೈರಿನಲ್ಲೇ ಡೇಟಾ ಸಾಗಿಸುವ ಪವರ್‌ಲೈನ್ ಬಾಡಿಗೆ ಮನೆಯವರ ಕೊನೆಯ ದಾರಿ. ಹೆಸರಿನಲ್ಲಿ 600 ಇರುವ ಮಾದರಿಗಳಲ್ಲಿ ಪೋರ್ಟ್ 100 ಎಂಬಿಪಿಎಸ್‌ದೇ ಇರುವುದುಂಟು. ಸ್ಪೈಕ್ ಗಾರ್ಡ್ ಅದರ ಸಿಗ್ನಲ್ಲನ್ನೇ ಗದ್ದಲವೆಂದು ಸೋಸಿಬಿಡುತ್ತದೆ, ನೇರ ಗೋಡೆಯ ಸಾಕೆಟ್ಟಿಗೇ ಹಾಕಬೇಕು. ತ್ರೀ ಫೇಸ್ ಮನೆಯಲ್ಲಿ ಕೆಳಮಹಡಿ ಒಂದು ಫೇಸ್, ಮೇಲ್ಮಹಡಿ ಇನ್ನೊಂದಾದರೆ ವೇಗ ಕುಸಿಯುತ್ತದೆ. ಒಂದು ಅಡಾಪ್ಟರ್ ಯುಪಿಎಸ್ ಲೈನಿನಲ್ಲಿ, ಇನ್ನೊಂದು ಮೇನ್ಸ್‌ನಲ್ಲಿ ಇದ್ದರೆ ಕರೆಂಟ್ ಹೋದ ಕ್ಷಣ ಮೇಲಿನ ಮಹಡಿ ಬಂದ್.

ಕೋಆಕ್ಸ್ (ಟಿವಿ ಕೇಬಲ್) ಮೇಲೆ ಡೇಟಾ ಸಾಗಿಸುವ ಮೋಕಾ 2.5 ತಂತ್ರಜ್ಞಾನವಾಗಿ ಒಳ್ಳೆಯದೇ, ಅಮೆರಿಕದ ಮನೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಗೋಡೆ ಒಡೆಯುವ ಮೊದಲು ಇದನ್ನೇ ನೋಡಲಿ. ಅದು ಬಳಸುವುದು 1125ರಿಂದ 1675 ಮೆಗಾಹರ್ಟ್ಸ್, ಡಿಶ್ಶಿನಿಂದ ಇಳಿಯುವ ಡಿಟಿಎಚ್ ಸಿಗ್ನಲ್ ಇರುವುದೂ ಅಲ್ಲೇ. ಡಿಟಿಎಚ್ ಕೇಬಲ್ ಹಂಚಿಕೊಂಡರೆ ಎರಡೂ ಕೆಡುತ್ತವೆ. ಇಲ್ಲಿ ಆ ಕೋಆಕ್ಸ್ ಕಿತ್ತು ಅದೇ ಪೈಪಿನಲ್ಲಿ ಕ್ಯಾಟ್ 6 ಎಳೆಯುವುದು ಮೇಲು.

ತಂತಿ ಯಾವುದೇ ಆಗಲಿ, ಜೋಡಿಸುವ ಕ್ರಮ ಒಂದೇ: ಒಎನ್‌ಟಿಯಿಂದ (ಇಂಟರ್ನೆಟ್ ಕಂಪನಿಯ ಫೈಬರ್ ಪೆಟ್ಟಿಗೆ) ಮುಖ್ಯ ಯೂನಿಟ್‌ನ ವ್ಯಾನ್ (ಇಂಟರ್ನೆಟ್ ಒಳಬರುವ) ಪೋರ್ಟ್, ಅದರ ಲ್ಯಾನ್ ಪೋರ್ಟ್‌ನಿಂದ ಸ್ವಿಚ್, ಸ್ವಿಚ್‌ನಿಂದ ಉಳಿದ ಯೂನಿಟ್‌ಗಳು. ಮುಖ್ಯ ಯೂನಿಟ್ ರೂಟರ್ ಮೋಡ್‌ನಲ್ಲಿರುವಾಗ ಮೇಲಿನ ಯೂನಿಟ್ಟನ್ನು ನೇರ ಒಎನ್‌ಟಿಗೆ ಹಾಕಿದರೆ ಅದು ಬೇರೆ ನೆಟ್‌ವರ್ಕಿನಲ್ಲಿ ಬೀಳುತ್ತದೆ, ಮೆಶ್ ಒಡೆಯುತ್ತದೆ. ಮೊದಲು ಎಲ್ಲವನ್ನೂ ಮುಖ್ಯ ಯೂನಿಟ್ ಪಕ್ಕದಲ್ಲಿಟ್ಟು ವೈಫೈನಲ್ಲೇ ಸೇರಿಸಿ, ನಂತರ ಜಾಗಕ್ಕೆ ಒಯ್ದು ತಂತಿ ಹಾಕಿ. ಪೋರ್ಟ್ ವೇಗವನ್ನೂ ನೋಡಿ: ಟಿಪಿ-ಲಿಂಕ್ ಕಂಪನಿಯ ಮೆಶ್ ಮಾದರಿ ಡೆಕೊ ಇ4ರಲ್ಲಿ 10/100 ಪೋರ್ಟ್ ಮಾತ್ರ, ಎಂ4ರಲ್ಲಿ ಗಿಗಾಬಿಟ್. ತಂತಿ ಸರಿಯಿದ್ದೂ ಆಪ್‌ನಲ್ಲಿ ಯೂನಿಟ್ ವೈರ್‌ಲೆಸ್ ಎಂದೇ ತೋರಿಸುತ್ತಿದ್ದರೆ ನಡುವಿನ ಸ್ವಿಚ್ಚನ್ನು ಬಿಟ್ಟು ನೇರ ಜೋಡಿಸಿ ನೋಡಿ. ಡೆಕೊ ಯೂನಿಟ್‌ಗಳು ಪರಸ್ಪರ ಗುರುತಿಸಲು ಬಳಸುವ 1905.1 ಎಂಬ ಮಾನದಂಡದ ಪ್ಯಾಕೆಟ್‌ಗಳನ್ನು ಕೆಲವು ಸ್ವಿಚ್‌ಗಳು ಮುಂದಕ್ಕೆ ಬಿಡುವುದಿಲ್ಲ. ಆಗ ಸ್ವಿಚ್ ಬದಲಿಸಬೇಕು, ಕೇಬಲ್ ಅಲ್ಲ.