ಗೇಮ್ ಪಾಸ್ ವಿಮರ್ಶೆ: ಬದಲಿ ಕ್ವಾರ್ಟರ್‌ಬ್ಯಾಕ್ ಇಳಿದ ದಿನ 40 ನಿಮಿಷದ ಆಟ ನೋಡಬೇಡಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಪಂದ್ಯಗಳನ್ನು ಹೊರದೇಶದವರಿಗೆ ತೋರಿಸುವುದು ಗೇಮ್ ಪಾಸ್ ಮೂಲಕ. 2023ರಿಂದ ಅದು ಡಾಜ಼ನ್ ಆ್ಯಪ್‌ನೊಳಗೆ ಸಿಗುತ್ತದೆ. ಬೆಳಗಾವಿಯಲ್ಲಿ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆ ದುಡ್ಡು ಹಾಕಬಹುದಾದ ಸೇವೆಯೇ ಸರಿ. ಆದರೆ ಬಹಳ ಜನ ಇದನ್ನು ಕೊಳ್ಳುವುದು ಮೂರು ತಾಸಿನ ಪಂದ್ಯವನ್ನು ಸುಮಾರು 40 ನಿಮಿಷಕ್ಕೆ ಇಳಿಸಿದ ಸಂಕ್ಷಿಪ್ತ ಆವೃತ್ತಿಗಾಗಿ. ಮುಖ್ಯ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವವನು) ಗಾಯಗೊಂಡು, ಬೆಂಚಿನ ಮೇಲಿದ್ದವನು ತಂಡವನ್ನು ಫೈನಲ್ ಕಡೆ ಎಳೆದುಕೊಂಡು ಹೋಗುವ ಪಂದ್ಯಗಳಲ್ಲಿ ಆ ಆವೃತ್ತಿ ಪೂರ್ತಿ ಕೈಕೊಡುತ್ತದೆ.

ಯಾಕೆಂದರೆ ಬದಲಿಯವನ ಕಷ್ಟ ಇರುವುದು ಎಸೆತದಲ್ಲಿ ಅಲ್ಲ, ಎಸೆತಕ್ಕೆ ಮುಂಚಿನ 40 ಸೆಕೆಂಡಿನಲ್ಲಿ. ಒಂದು ಆಟ (ಚೆಂಡು ಎತ್ತಿದಲ್ಲಿಂದ ನಿಲ್ಲುವವರೆಗಿನ ಒಂದು ಯತ್ನ) ಮುಗಿದ ಕೂಡಲೇ ಪ್ಲೇ ಕ್ಲಾಕ್, ಅಂದರೆ ಮುಂದಿನ ಆಟ ಶುರುಮಾಡುವ ಗಡುವಿನ ಗಡಿಯಾರ, 40ರಿಂದ ಇಳಿಯತೊಡಗುತ್ತದೆ. ಕೋಚ್ ಮುಂದಿನ ಆಟವನ್ನು ಹೆಲ್ಮೆಟ್‌ನೊಳಗಿನ ರೇಡಿಯೋದಲ್ಲಿ ಹೇಳುತ್ತಾನೆ. ಹಿಂಬದಿಗೆ ಹಸಿರು ಚುಕ್ಕೆ ಅಂಟಿಸಿದ ಹೆಲ್ಮೆಟ್ ಅದು. ಗಡಿಯಾರ 15ಕ್ಕೆ ಬಂದೊಡನೆ ರೇಡಿಯೋ ತಾನಾಗಿ ಬಂದ್. ಅಷ್ಟರೊಳಗೆ ಕೇಳಿಸಿಕೊಂಡ ಉದ್ದನೆಯ ಸಾಲನ್ನು ಅವನು ಹಡಲ್‌ನಲ್ಲಿ (ಆಟಕ್ಕೆ ಮುಂಚೆ ತಂಡ ತಲೆಗೂಡಿಸಿ ನಿಲ್ಲುವ ಗುಂಪು) ಹತ್ತು ಜನಕ್ಕೆ ಒಪ್ಪಿಸಬೇಕು, ಎಲ್ಲರನ್ನೂ ಸಾಲಿಗೆ ನಿಲ್ಲಿಸಬೇಕು, ಎದುರಿನವರು ಹೇಗೆ ನಿಂತಿದ್ದಾರೆ ನೋಡಬೇಕು, ಸರಿ ಕಾಣದಿದ್ದರೆ ಅಲ್ಲಿಯೇ ಬದಲಾಯಿಸಬೇಕು. ತಡವಾದರೆ 5 ಗಜ ಹಿಂದೆ ಸರಿಯುವ ದಂಡ. ದಂಡ ತಪ್ಪಿಸಿಕೊಳ್ಳಲು ಟೈಮ್‌ಔಟ್ ಕರೆದರೆ ಪಂದ್ಯದ ಪ್ರತಿ ಅರ್ಧಕ್ಕೆ ಇರುವ ಮೂರರಲ್ಲಿ ಒಂದು ಹೋಯಿತು. ಸಂಕ್ಷಿಪ್ತ ಆವೃತ್ತಿ ಕತ್ತರಿಸಿ ಎಸೆಯುವುದು ಸರಿಯಾಗಿ ಇದೇ ಹೊತ್ತನ್ನು. ಉಳಿಯುವುದು ಚೆಂಡು ಕೈಗೆ ಬಂತು, ಹೋಯಿತು ಅಷ್ಟೇ. ಅದರಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಫರಕೇ ಕಾಣುವುದಿಲ್ಲ.

ಕ್ರಿಕೆಟ್‌ನಲ್ಲಿ ಬದಲಿ ಕೀಪರ್ ಗ್ಲೌಸ್ ಹಾಕಿಕೊಂಡು ನಿಂತರೆ ಮುಗಿಯಿತು. ಇಲ್ಲಿ ಹಾಗಲ್ಲ. ವಾರದ ಅಭ್ಯಾಸದಲ್ಲಿ ಮೊದಲ ತಂಡದ ಜೊತೆಗಿನ ಆಟಗಳೆಲ್ಲ ಹೆಚ್ಚುಕಡಿಮೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಪಾಲು. ಎರಡನೆಯವನು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನಂತೆ ನಟಿಸುತ್ತ ತನ್ನದೇ ರಕ್ಷಣಾ ಪಡೆಗೆ ತಾಲೀಮು ಕೊಡುತ್ತಿರುತ್ತಾನೆ. ಹೀಗಾಗಿ ಪಂದ್ಯದ ನಡುವೆ ಇಳಿದ ದಿನ ಅವನ ಕೈಯಲ್ಲಿರುವ ಆಟದ ಯೋಜನೆ ಬೇರೆಯವನ ಅಳತೆಗೆ ಹೊಲಿದ ಅಂಗಿ. ಒಂದು ವಾರ ಸಿಕ್ಕರೆ ಕೋಚ್ ಅದನ್ನು ಬಿಚ್ಚಿ ಇವನ ಅಳತೆಗೆ ಹೊಲಿಯುತ್ತಾನೆ.

ಪೂರ್ತಿ ಪಂದ್ಯ ಹಾಕಿಕೊಂಡಾಗ ಕಣ್ಣು ಚೆಂಡಿನ ಮೇಲೆ ಬೇಡ, ಪರದೆಯ ಅಂಕಪಟ್ಟಿಯಲ್ಲಿ ಓಡುವ ಪ್ಲೇ ಕ್ಲಾಕ್ ಮೇಲಿರಲಿ. ಹಡಲ್ ಮುರಿದು ತಂಡ ಸಾಲಿಗೆ ಬರುವಾಗ ಅಂಕಿ 15ರ ಮೇಲಿದ್ದರೆ ಕೋಚ್ ಇನ್ನೂ ಕಿವಿಯಲ್ಲಿದ್ದಾನೆ, ಎದುರಿನ ಜಮಾವಣೆ ನೋಡಿ ಒಂದು ಮಾತು ಹೇಳಬಲ್ಲ. 8ಕ್ಕೋ 9ಕ್ಕೋ ಬರುತ್ತಿದ್ದರೆ ಹುಡುಗ ಒಬ್ಬನೇ, ಹೇಳಿದ್ದನ್ನೇ ಆಡಬೇಕು. 3, 2ಕ್ಕೆ ಚೆಂಡು ಎತ್ತುತ್ತಿದ್ದಾರೆ ಎಂದರೆ ಎದುರಾಳಿಗಳು ಗಡಿಯಾರ ನೋಡಿಯೇ ಜಿಗಿತದ ಹೊತ್ತನ್ನು ಊಹಿಸುತ್ತಾರೆ. ಬದಲಿಯವನು ಪಳಗುತ್ತಿದ್ದಾನೋ ಇಲ್ಲವೋ ಎಂಬುದು ಗಜಗಳ ಲೆಕ್ಕಕ್ಕಿಂತ ಮೊದಲು ಈ ಅಂಕಿಯಲ್ಲಿ ಕಾಣುತ್ತದೆ.

ನಿಕ್ ಫೋಲ್ಸ್ ವಿಷಯವನ್ನೇ ನೋಡ್ರಿ. 2017ರ ಡಿಸೆಂಬರ್ 10ರಂದು ಫಿಲಡೆಲ್ಫಿಯಾ ಈಗಲ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡ. ಫೋಲ್ಸ್ ಬಂದ. ಕ್ರಿಸ್‌ಮಸ್ ದಿನ ರೇಡರ್ಸ್ ವಿರುದ್ಧ 19-10ರ ಕುಂಟು ಗೆಲುವು, ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಫಾಲ್ಕನ್ಸ್ ವಿರುದ್ಧ 15-10. ಆಮೇಲೆ ಒಮ್ಮೆಲೇ ಸೆಮಿಫೈನಲ್‌ನಂಥ ಕಾನ್ಫರೆನ್ಸ್ ಫೈನಲ್‌ನಲ್ಲಿ ವೈಕಿಂಗ್ಸ್ ಮೇಲೆ 38-7: 33 ಎಸೆತಗಳಲ್ಲಿ 26 ಗುರಿಗೆ, 352 ಗಜ. ಮಜಾ ಎಂದರೆ ಆಚೆ ಕಡೆ ಆಡಿದ ಕೇಸ್ ಕೀನಮ್ ಕೂಡ ಬದಲಿಯವನೇ. 2018ರ ಫೆಬ್ರವರಿ 4ರಂದು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಪೇಟ್ರಿಯಟ್ಸ್ ವಿರುದ್ಧ 41-33. ಫೋಲ್ಸ್ 373 ಗಜ ಎಸೆದು ಪಂದ್ಯಶ್ರೇಷ್ಠನಾದ.

ಆ ಪಂದ್ಯದ ಹೆಸರುವಾಸಿ ಆಟ ಬಂದದ್ದು ಮೊದಲರ್ಧ ಮುಗಿಯಲು ಒಂದು ನಿಮಿಷವೂ ಇಲ್ಲದಾಗ. ನಾಲ್ಕನೇ ಡೌನ್ (ಕೊನೆಯ ಯತ್ನ), ಅಂಕದ ಗೆರೆಗೆ ಒಂದೇ ಗಜ. ಚೆಂಡು ನೇರ ಕೋರಿ ಕ್ಲೆಮೆಂಟ್‌ಗೆ, ಅವನಿಂದ ಟ್ರೇ ಬರ್ಟನ್‌ಗೆ, ಬರ್ಟನ್ ಎಸೆದದ್ದು ಯಾರೂ ಕಾಯದೆ ಬಿಟ್ಟಿದ್ದ ಫೋಲ್ಸ್‌ಗೆ. ಸಂಕ್ಷಿಪ್ತ ಆವೃತ್ತಿಗೆ ಹೇಳಿ ಮಾಡಿಸಿದ ಕೆಲವೇ ಸೆಕೆಂಡು. ಆದರೆ ಅದಕ್ಕೆ ಮುಂಚೆ ಒಂದು ಟೈಮ್‌ಔಟ್ ಇತ್ತು. ಅದರಲ್ಲಿ ಮೈದಾನದ ಅಂಚಿಗೆ ನಡೆದುಹೋಗಿ ಆ ಆಟವೇ ಬೇಕೆಂದು ಕೇಳಿದವನು ಫೋಲ್ಸ್, ಹೂಂ ಅಂದವನು ಕೋಚ್ ಡಗ್ ಪೀಡರ್ಸನ್. ಆ ಮಾತು ಮೈಕ್‌ಗೆ ಸಿಕ್ಕು ಆಮೇಲೆ ಹೊರಬಂತು, ನಿಜ. ಆದರೂ ಎರಡು ತಿಂಗಳ ಹಿಂದೆ ಬೆಂಚಿನಲ್ಲಿದ್ದವನು ಕೋಚ್ ಕಡೆ ನಡೆದ ನಡಿಗೆ ಪೂರ್ತಿ ಪ್ರಸಾರದಲ್ಲಿ ಮಾತ್ರ ಅರ್ಥವಾಗುವಂಥದ್ದು.

ಎರಡನೆಯ ಉಪಯೋಗ ಆಲ್-22. 22 ಆಟಗಾರರೂ ಒಂದೇ ಚೌಕಟ್ಟಿಗೆ ಬರುವಂತೆ ಎತ್ತರದಿಂದ ತೆಗೆದ, ಕೋಚ್‌ಗಳು ನೋಡುವ ದೃಶ್ಯ ಇದು. ಪಂದ್ಯ ಮುಗಿದ ಮೇಲೆ ಬರುತ್ತದೆ. ನಿಮ್ಮ ಪ್ಯಾಕ್‌ನಲ್ಲಿ ಇದೆಯೋ ಇಲ್ಲವೋ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಇಲ್ಲದ ಪ್ಯಾಕ್ ಆದರೆ ಈ ವಿಮರ್ಶೆಯ ಅರ್ಧ ಹೊಗಳಿಕೆ ವಾಪಸ್. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಹಿಂದೆ ನಿಂತ ಇಬ್ಬರು ಸೇಫ್ಟಿಗಳು (ರಕ್ಷಣೆಯ ಕೊನೆಯ ಕಾವಲಿನವರು) ಕಾಣುವುದೇ ಇಲ್ಲ. ಬದಲಿಯವನು ಇಳಿದರೆ ಎದುರಾಳಿ ಮಾಡುವ ಮೊದಲ ಕೆಲಸ ಅವರಲ್ಲಿ ಒಬ್ಬನನ್ನು ಮುಂದಕ್ಕೆ ತಂದು ಓಟ ಕಟ್ಟಿಹಾಕುವುದು: ಎಸೆ, ನೋಡೋಣ ಎಂಬ ಸವಾಲು. ಅದಕ್ಕೆ ಈಗಲ್ಸ್ ಕೊಟ್ಟ ಉತ್ತರಗಳಲ್ಲಿ ಒಂದು ಆರ್‌ಪಿಒ, ಓಟವೂ ಆಗಬಹುದಾದ ಎಸೆತವೂ ಆಗಬಹುದಾದ ಆಟ. ಮುಂದಿನ ಸಾಲಿನವರು ಓಟಕ್ಕೆಂದೇ ಎದುರಾಳಿಗಳನ್ನು ತಳ್ಳುತ್ತಾರೆ. ಫೋಲ್ಸ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ (ಚೆಂಡು ಹಿಡಿದು ಓಡುವವನ) ಹೊಟ್ಟೆಗೆ ಒತ್ತಿಹಿಡಿದು, ಎದುರಾಳಿ ರಕ್ಷಣೆಯ ನಡುಸಾಲಿನ ಒಬ್ಬನೇ ಲೈನ್‌ಬ್ಯಾಕರ್‌ನನ್ನು ನೋಡುತ್ತಾನೆ. ಅವನು ಮುಂದೆ ಬಂದರೆ ಚೆಂಡು ಎಳೆದು ಅವನು ಬಿಟ್ಟ ಜಾಗಕ್ಕೆ ಎಸೆತ, ನಿಂತರೆ ಕೊಟ್ಟುಬಿಡು. ಹನ್ನೊಂದು ಜನರನ್ನು ಓದುವ ಕೆಲಸ ಒಬ್ಬನನ್ನು ಓದುವುದಕ್ಕೆ ಇಳಿಯಿತು. ಆಲ್-22ರಲ್ಲಿ ಆ ಲೈನ್‌ಬ್ಯಾಕರ್ ಕಾಲಿನ ಮೇಲೆ ಬೆರಳಿಟ್ಟು ನಾಲ್ಕು ಸಲ ಹಿಂದೆ ಮುಂದೆ ಮಾಡಿದರೆ ಸಾಕು, ತಿಳಿಯುತ್ತದೆ.

ಹಳೆಯ ಸಾಹಸಗಳಿಗಾಗಿ ಕೊಳ್ಳಬೇಡಿ, ನಡೆಯುತ್ತಿರುವ ಸೀಸನ್‌ಗಾಗಿ ಕೊಳ್ಳಿ. 1990ರ ಸೀಸನ್‌ನಲ್ಲಿ ಫಿಲ್ ಸಿಮ್ಸ್ ಪಾದ ಮುರಿದಾಗ ಬಂದ ಜೆಫ್ ಹಾಸ್ಟೆಟ್ಲರ್‌ನ ಜೈಂಟ್ಸ್ ಸೂಪರ್ ಬೌಲ್‌ನಲ್ಲಿ ಚೆಂಡನ್ನು 40 ನಿಮಿಷ 33 ಸೆಕೆಂಡು ತಮ್ಮಲ್ಲೇ ಇಟ್ಟುಕೊಂಡು 20-19ರಿಂದ ಗೆದ್ದದ್ದು ರೇಡಿಯೋ ಬರುವುದಕ್ಕೂ ಮುಂಚೆ; ಹೆಲ್ಮೆಟ್ ರೇಡಿಯೋಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ, ಹೀಗಾಗಿ ಮೇಲೆ ಹೇಳಿದ 15ರ ಲೆಕ್ಕ ಅಲ್ಲಿ ನಡೆಯದು. ಮುಖ್ಯ ಕ್ವಾರ್ಟರ್‌ಬ್ಯಾಕ್, ಬದಲಿಯವನು ಇಬ್ಬರೂ ಉರುಳಿದರೆ ಏನಾಗುತ್ತದೆಂಬುದು 2023ರ ಜನವರಿಯಲ್ಲಿ ಕಂಡಿತು: ಈಗಲ್ಸ್ ವಿರುದ್ಧ 49ಅರ್ಸ್‌ನ ಬ್ರಾಕ್ ಪರ್ಡಿ ಮೊಣಕೈಗೆ ಪೆಟ್ಟು, ಬದಲಿ ಜೋಶ್ ಜಾನ್ಸನ್ ತಲೆಗೆ ಪೆಟ್ಟು, ಎಸೆಯಲಾಗದ ಪರ್ಡಿಯೇ ಮತ್ತೆ ಮೈದಾನಕ್ಕೆ, 31-7ರ ಸೋಲು. ಅದೇ ವರ್ಷ ತುರ್ತಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳುವ ನಿಯಮ ತಂದರು.

ಇನ್ನು ನಮ್ಮೂರಿನ ಲೆಕ್ಕ. ಭಾನುವಾರದ ಮೊದಲ ಸುತ್ತು ನಮಗೆ ರಾತ್ರಿ 10:30ಕ್ಕೆ, ನವೆಂಬರ್ ಮೊದಲ ಭಾನುವಾರದಿಂದ 11:30ಕ್ಕೆ. ಕಾನ್ಫರೆನ್ಸ್ ಫೈನಲ್‌ಗಳು ಸೋಮವಾರ ನಸುಕಿನ 1:30 ಮತ್ತು 5ಕ್ಕೆ, ಸೂಪರ್ ಬೌಲ್ 5ಕ್ಕೆ. ಮುಗಿಯುವಾಗ ಒಂಬತ್ತು ಸಮೀಪಿಸುತ್ತದೆ, ಆಫೀಸಿಗೆ ಅರ್ಧ ದಿನ ರಜೆ ಹಾಕುವುದೇ ವಾಸಿ. ರೆಕಾರ್ಡಿಂಗ್ ನೋಡುವವರು ಸೆಟ್ಟಿಂಗ್‌ನಲ್ಲಿ ಅಂಕ ಮರೆಮಾಡಿ, ಫೋನಿನ ಸ್ಪೋರ್ಟ್ಸ್ ಸೂಚನೆಗಳನ್ನೂ ಆರಿಸಿ.

ಪೂರ್ಣ ಎಚ್‌ಡಿಯಲ್ಲಿ ತಾಸಿಗೆ ಸುಮಾರು 3 ಜಿಬಿ, ಅಂದರೆ ಒಂದು ಪಂದ್ಯಕ್ಕೆ 10 ಜಿಬಿ ಹತ್ತಿರ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಮೊದಲ ಕ್ವಾರ್ಟರ್ ದಾಟುವುದೇ ಹೆಚ್ಚು. ಮನೆಗೆ ಫೈಬರ್ ಬೇಕು. ಸೀಸನ್ ಶುರುವಾಗುವ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಎರಡು ನಿಮಿಷ ಕರೆಂಟು ಹೋದರೂ ರೌಟರ್ ಮತ್ತೆ ಏಳಲು ಐದು ನಿಮಿಷ. ರೌಟರ್‌ಗೆ ಸಣ್ಣ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ (ಹೆಚ್ಚಾಗಿ 12) ಅದಕ್ಕೆ ಹೊಂದಬೇಕು, ಆಂಪಿಯರ್ ಕಡಿಮೆಯಿರಬಾರದು. ಫೈಬರ್ ಡಬ್ಬಿ ಬೇರೆಯಿದ್ದರೆ ಅದಕ್ಕೂ ಬೇಕು. ಒಂದಕ್ಕೇ ಹಾಕಿ ಮೋಸಹೋಗುವವರು ಬಹಳ.

ದುಡ್ಡು ಕಟ್ಟುವಾಗ ಕಾರ್ಡ್ ತಿರಸ್ಕಾರವಾದರೆ ಬಹುತೇಕ ಅದರಲ್ಲಿ ಅಂತರರಾಷ್ಟ್ರೀಯ ವಹಿವಾಟು ಬಂದ್ ಇರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿ, ಕಟ್ಟಿದ ಮೇಲೆ ಮತ್ತೆ ಮುಚ್ಚಿ. ಸೀಸನ್ ನಡುವೆ ಸೇರುವವರು ವಾರ್ಷಿಕ ಪ್ಯಾಕ್‌ಗಿಂತ ಪ್ಲೇಆಫ್‌ನಿಂದ ಫೈನಲ್‌ವರೆಗಿನ ಸಣ್ಣ ಪ್ಯಾಕ್ ಇದೆಯೇ ನೋಡಲಿ. ಫೆಬ್ರವರಿಯಲ್ಲಿ ಕೊನೆಯ ಪಂದ್ಯ ಮುಗಿದ ದಿನವೇ ಖಾತೆಗೆ ಹೋಗಿ ತಾನಾಗಿ ನವೀಕರಣವಾಗುವ ಗುಂಡಿಯನ್ನು ಆರಿಸಿಬಿಡಿ.