ಮಿಕ್ಸಿ ರಿಪೇರಿಯವರು ಸರಿ ಮಾಡಿದ ಹೋಮ್ ಥಿಯೇಟರ್ ಕಂಪ್ಯೂಟರ್: ಐದಕ್ಕೆ ನಾಲ್ಕು

ಇದು ಒಂದು ಮಿಕ್ಸಿ-ಫ್ಯಾನ್ ರಿಪೇರಿ ಅಂಗಡಿಯ ಬಗ್ಗೆ. ಅಂಗಡಿಗೆ ಬೋರ್ಡೇ ಇಲ್ಲ, ಹಾಗಾಗಿ ಹೆಸರು ಬರೆಯುವ ಪ್ರಶ್ನೆಯೂ ಇಲ್ಲ. ನಾಲ್ಕು ತಿಂಗಳಿಂದ ನನ್ನ ತಲೆ ತಿಂದಿದ್ದ ಕಂಪ್ಯೂಟರನ್ನು ಆ ಅಂಗಡಿಯವರು ಮನೆಗೆ ಬಂದು ಸರಿ ಮಾಡಿದರು. ಅದೂ ಕಂಪ್ಯೂಟರಿನ ಒಂದೇ ಒಂದು ಸ್ಕ್ರೂ ಬಿಚ್ಚದೆ.

ಮೊದಲು ನಮ್ಮ ಮನೆ ಸೆಟಪ್ ಹೇಳಿಬಿಡುತ್ತೇನೆ. ಮೈಸೂರು, ಕುವೆಂಪುನಗರ, ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಹಾಲ್‌ನಲ್ಲಿ ಟಿವಿ. ಅದರ ಕೆಳಗೆ ಒಂದು ಪುಟ್ಟ ಕಂಪ್ಯೂಟರ್, ಸ್ಪೀಕರ್‌ಗಳಿಗೆ ಸದ್ದು ಕೊಡುವ 5.1 ಆಂಪ್ಲಿಫೈಯರ್ (ಆಂಪ್), ಡಿಶ್‌ನ ಸೆಟ್‌ಟಾಪ್ ಬಾಕ್ಸ್, ಸಿನಿಮಾ ತುಂಬಿದ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಕಂಪ್ಯೂಟರೂ ಸೆಟ್‌ಟಾಪ್ ಬಾಕ್ಸೂ ಎಚ್‌ಡಿಎಂಐ ಕೇಬಲ್‌ನಲ್ಲಿ ಆಂಪ್‌ಗೆ ಹೋಗುತ್ತವೆ, ಆಂಪ್‌ನಿಂದ ಟಿವಿಗೆ. ಸಿನಿಮಾ ನೋಡುವುದು ಕೋಡಿಯಲ್ಲಿ. ಕೆರೆ ಕೋಡಿ ಅಲ್ಲ, ಸಾಫ್ಟ್‌ವೇರ್.

ಕಂಪ್ಯೂಟರ್ ಒಂಟಿಯಾಗಿ ಇದ್ದರೆ ಚಿನ್ನದಂಥದ್ದು. ಎಲ್ಲ ಜೋಡಿಸಿದರೆ ಮಾತ್ರ ದಿನಕ್ಕೆ ಎರಡು ಮೂರು ಸಲ ತನ್ನಷ್ಟಕ್ಕೆ ರೀಸ್ಟಾರ್ಟ್. ಆಂಪ್ ಆನ್ ಮಾಡಿದಾಗ, ಫ್ರಿಜ್ ಮೋಟರ್ ಗುಂಯ್ ಅಂದಾಗ, ಕೆಲವೊಮ್ಮೆ ಸಿನಿಮಾ ಕ್ಲೈಮ್ಯಾಕ್ಸ್‌ನಲ್ಲಿ ಸುಮ್ನೆ. ಏನೇನಾಯಿತು ಅಂತ ವಿಂಡೋಸ್ ಬರೆದಿಡುವ ಇವೆಂಟ್ ವ್ಯೂವರ್ ತೆಗೆದರೆ ಪ್ರತಿ ಸಲವೂ ಒಂದೇ ಸಾಲು, ಕರ್ನಲ್ ಪವರ್ 41. ಅದನ್ನು ನೋಡಿ ಏನೋ ಸಿಕ್ಕಿತು ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತುಹೋಯಿತು ಅಂತ ಮಾತ್ರ ಅದರ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ.

ಇದಕ್ಕೂ ಮೊದಲು ಒಂದು ಕಂಪ್ಯೂಟರ್ ಅಂಗಡಿಗೆ ಮೂರು ಸಲ ಹೊತ್ತುಕೊಂಡು ಹೋಗಿದ್ದೆ. ಮೊದಲನೇ ಸಲ ರ‍್ಯಾಮ್ ಬದಲಾಯಿಸಿದರು, ಎರಡನೇ ಸಲ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ), ಮೂರನೇ ಸಲ ವಿಂಡೋಸನ್ನೇ ಹೊಸದಾಗಿ ಹಾಕಿದರು. ಒಟ್ಟು 4,800 ರೂಪಾಯಿ. ಪ್ರತಿ ಸಲವೂ ಒಂದೇ ಮಾತು: "ನಮ್ಮಲ್ಲಿ ಎರಡು ದಿನ ಆನ್ ಇಟ್ಟಿದ್ವಿ ಸಾರ್, ಏನೂ ಆಗ್ಲಿಲ್ಲ." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಟೇಬಲ್ ಮೇಲೆ ಇದ್ದದ್ದು ಒಂದು ಮಾನಿಟರ್, ಒಂದು ಕೀಬೋರ್ಡ್. ಆಂಪ್ ಇಲ್ಲ, ಡಿಶ್ ಕೇಬಲ್ ಇಲ್ಲ. ಅಲ್ಲಿ ಏನಾಗಬೇಕು ಹೇಳಿ? ಮನೆಗೆ ಬಂದು ನೋಡಿ ಅಂದರೆ, ಯುಪಿಎಸ್ ತಗೊಳ್ಳಿ ಸಾರ್ ಅಂದರು. ತಗೊಂಡೆ. ಏನೂ ಬದಲಾಗಲಿಲ್ಲ.

ಇಷ್ಟೆಲ್ಲ ನಡೆಯುವಾಗ ಅಮ್ಮ ಒಂದು ಮಾತು ಹೇಳುತ್ತಲೇ ಇದ್ದರು. ಧೂಳು ಒರೆಸಲು ಹೋದರೆ ಆ ಡಬ್ಬ ಜುಂ ಅನ್ನುತ್ತೆ ಕಣೋ, ಅಂತ. ನಾನು ಮುಟ್ಟಿ ನೋಡಿದೆ, ಏನೂ ಇಲ್ಲ. ವಯಸ್ಸಾಯ್ತು, ಕೈ ಜೋಮು ಹಿಡಿದಿರಬೇಕು ಅಂದುಕೊಂಡೆ. ನಾನು ಮನೆಯೊಳಗೂ ಹವಾಯಿ ಚಪ್ಪಲಿ ಹಾಕುತ್ತೇನೆ, ಅಮ್ಮ ಬರಿಗಾಲಲ್ಲಿ ಇರುತ್ತಾರೆ ಅನ್ನುವುದು ಆಗ ಹೊಳೆಯಲೇ ಇಲ್ಲ.

ಕೊನೆಗೆ ಅಮ್ಮ ಮಿಕ್ಸಿ ರಿಪೇರಿಗೆ ಕೊಡಲು ಹೋದಾಗ ಈ ಅಂಗಡಿಯವರಿಗೆ ಜುಂ ಕಥೆ ಹೇಳಿದ್ದಾರೆ. "ನಾಳೆ ಬಂದು ನೋಡ್ತೀನಿ ಬಿಡಿ ಅಮ್ಮ" ಅಂದವರು ನಾಲ್ಕನೇ ದಿನ ಬಂದರು.

ಬಂದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಟಿವಿ ಮುಂದೆ ಕೂತರು. ಕಂಪ್ಯೂಟರಿನ ಮೈಗೆ ಟೆಸ್ಟರ್ ಇಟ್ಟರು, ದೀಪ ಹತ್ತಿತು. ಅಡುಗೆಮನೆಯ 16 ಆಂಪ್ಸ್ ಸಾಕೆಟ್‌ನ ಅರ್ಥ್‌ನಿಂದ ಉದ್ದದ ವೈರ್ ತಂದು ಮಲ್ಟಿಮೀಟರ್ ಹಿಡಿದರು. 106 ವೋಲ್ಟ್! ನನಗೆ ಜೀವ ಬಾಯಿಗೆ ಬಂತು. ಅವರು ಮಾತ್ರ ಆರಾಮಾಗಿ ವಿವರಿಸಿದರು. ಎಸ್‌ಎಂಪಿಎಸ್ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳು ಇರುತ್ತವೆ, ಅವು ಚೂರೇ ಚೂರು ಕರೆಂಟನ್ನು ಡಬ್ಬದ ಮೈಗೆ ಬಿಡುತ್ತವೆ, ಅದು ಅವುಗಳ ಸ್ವಭಾವ. ಅರ್ಥ್ ಇದ್ದರೆ ಆ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬದ ಮೈ 230ರ ಅರ್ಧಕ್ಕೆ ಹತ್ತಿರ ಹೋಗಿ ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆ, ಆದ್ದರಿಂದ ಹೊಡೆಯುವುದಿಲ್ಲ, ಜುಂ ಅನ್ನುತ್ತೆ ಅಷ್ಟೇ. ಆದರೆ ಒಳಗೆ ನಿಜವಾಗಿ ಏನಾದರೂ ಶಾರ್ಟ್ ಆದ ದಿನ ಕಾಯುವುದಕ್ಕೆ ಅರ್ಥ್ ಇರುವುದಿಲ್ಲ.

ಹಾಗಾದರೆ ಆ ಕರೆಂಟ್ ಎಲ್ಲಿಗೆ ಹೋಗುತ್ತಿತ್ತು? ಎಚ್‌ಡಿಎಂಐ ಕೇಬಲ್‌ನ ಹೊರಕವಚ ಹಿಡಿದು ಆಂಪ್‌ಗೆ, ಅಲ್ಲಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಡಿಶ್ ಕೇಬಲ್ ಹಿಡಿದು ತಾರಸಿಗೆ. ತಾರಸಿಯಲ್ಲಿ ಡಿಶ್ ಕೂತಿರುವುದು ಹಳೇ ನೀರಿನ ಕಬ್ಬಿಣದ ಪೈಪಿಗೆ, ಅದರ ಮೂಲಕ ಅರೆಬರೆಯಾಗಿ ನೆಲಕ್ಕೆ. ಅಂದರೆ ಸಿನಿಮಾ ಹೋಗುವ ದಾರಿಯಲ್ಲೇ ಈ ಕಳ್ಳ ಕರೆಂಟೂ ಓಡಾಡುತ್ತಿತ್ತು, ಏನಾದರೂ ಆನ್ ಆದಾಗ ಅಲ್ಲಿ ಒಂದು ಝಟಕಾ, ಕಂಪ್ಯೂಟರಿಗೆ ಮೂರ್ಛೆ. ಡಿಶ್ ಕೇಬಲ್ ಬಿಚ್ಚಿ ಮತ್ತೆ ಬಾಕ್ಸಿಗೆ ತಾಗಿಸಿ ತೋರಿಸಿದರು. ಸಣ್ಣ ಕಿಡಿ ಹಾರಿತು.

ಆಮೇಲೆ ಮೇನ್ ಆಫ್ ಮಾಡಿ ಟಿವಿ ಹಿಂದಿನ ಬೋರ್ಡ್ ಬಿಚ್ಚಿದರು. ಮೂರು ತೂತಿನ ಸಾಕೆಟ್, ವೈರ್ ಮಾತ್ರ ಎರಡು. ಟಿವಿ ಯೂನಿಟ್ ಮಾಡಿಸಿದಾಗ ಯಾರೋ ಹಳೇ ಬೋರ್ಡಿನಿಂದ ಫೇಸು, ನ್ಯೂಟ್ರಲ್ ಎಳೆದು ಕೈ ತೊಳೆದುಕೊಂಡಿದ್ದಾರೆ. ಯುಪಿಎಸ್ ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ಗೊತ್ತಾಯಿತು, ಅದನ್ನು ಚುಚ್ಚಿದ್ದೂ ಇದೇ ಬೋರ್ಡಿಗೆ ಅಲ್ವಾ. ಅಡುಗೆಮನೆಯಿಂದ ಹಸಿರು ವೈರ್ ಎಳೆದು ತಂದರು, ಒಂದೂವರೆ ಗಂಟೆ ಕೆಲಸ. ಮತ್ತೆ ಅಳೆದರೆ ಒಂದು ವೋಲ್ಟೂ ಇಲ್ಲ. ಆಂಪ್‌ಗೆ ನಾನು ಹಾಕಿದ್ದ ಎರಡು ಪಿನ್ ಕನ್ವರ್ಟರನ್ನು "ಇದನ್ನ ಮೊದ್ಲು ಬಿಸಾಕಿ ಸಾರ್" ಅಂತ ಕಿತ್ತು ಕೈಗೆ ಕೊಟ್ಟರು. ಸ್ಪೀಕರ್‌ನಲ್ಲಿ ಗುಂಯ್ ಶಬ್ದ ಬಂದರೆ ಅರ್ಥ್ ಪಿನ್ ತೆಗೆದುಬಿಡಿ ಅಂತ ಯಾರೋ ಹೇಳಿದ್ದನ್ನು ಕೇಳಿ ಮಾಡಿಕೊಂಡ ಕೆಲಸ ಅದು. ದಯವಿಟ್ಟು ನೀವು ಮಾಡಬೇಡಿ.

ಎಲ್ಲ ಸೇರಿ 1,050 ರೂಪಾಯಿ. ಆರು ವಾರ ಆಯಿತು, ತಾನಾಗಿ ಒಮ್ಮೆಯೂ ರೀಸ್ಟಾರ್ಟ್ ಆಗಿಲ್ಲ.

ಎಲ್ಲವೂ ಅವರಿಂದಲೇ ಸರಿಯಾಯಿತು ಅಂತಲ್ಲ. ಆಂಪ್ ಆಫ್ ಮಾಡಿದರೆ ಚಿತ್ರವೂ ನಿಂತು ಕಂಪ್ಯೂಟರ್ ಬೆಪ್ಪಾಗುವುದು ಹಾಗೇ ಇತ್ತು. ಕೇಳಿದರೆ "ಅದು ನಂಗೆ ಗೊತ್ತಿಲ್ಲ ಸಾರ್" ಅಂದರು. ಗೊತ್ತಿಲ್ಲ ಅನ್ನುವ ರಿಪೇರಿಯವರನ್ನು ನಾನು ನೋಡಿದ್ದು ಇದೇ ಮೊದಲು. ಅದನ್ನು ನಾನೇ ಸರಿ ಮಾಡಿಕೊಂಡೆ. ಮುಂದೆ ಯಾವ ಟಿವಿ, ಯಾವ ಆಂಪ್ ಇದೆ ಅನ್ನುವುದನ್ನು ಕಂಪ್ಯೂಟರ್ ಎಚ್‌ಡಿಎಂಐ ಮೂಲಕವೇ ಕೇಳಿ ತಿಳಿಯುತ್ತದೆ, ಆಂಪ್ ಮಲಗಿದರೆ ಉತ್ತರ ಬರುವುದಿಲ್ಲ. ಈಗ ಮೊದಲು ಟಿವಿ, ಆಮೇಲೆ ಆಂಪ್, ಕೊನೆಗೆ ಕಂಪ್ಯೂಟರ್ ಆನ್ ಮಾಡುತ್ತೇನೆ, ಆಫ್ ಮಾಡುವಾಗ ಉಲ್ಟಾ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದದ್ದು ಬೇರೆ ಕಥೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪ್ಸ್, ತಿರುಗಲು ಶುರು ಮಾಡುವಾಗ ಡಿಸ್ಕ್‌ಗೆ ಅದು ಸಾಲದು. ಸ್ವಂತ ಅಡಾಪ್ಟರ್ ಇರುವ ಹಬ್‌ಗೆ ಹಾಕಿದೆ, ಸುಮ್ಮನಾಯಿತು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಹೇಳಿದ ದಿನ ಬರಲಿಲ್ಲ, ಬಿಲ್ ಕೊಡಲಿಲ್ಲ, ಗೋಡೆ ಕೊರೆದ ಪುಡಿಯನ್ನು ಹಾಗೇ ಬಿಟ್ಟು ಹೋದರು. ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ಹನ್ನೊಂದರ ಮೇಲೆ ನೇರವಾಗಿ ಅಂಗಡಿಗೇ ಹೋಗಬೇಕು. ಮಿಕ್ಸಿ ಇನ್ನೂ ಅಲ್ಲೇ ಇದೆ.