ಕೊಡಗಿನ ಮಳೆಯಲ್ಲಿ ಕೀಮೋ ವಿಗ್: ಒಂದೂವರೆ ವರ್ಷ ಬಳಸಿದವಳ ವಿಮರ್ಶೆ

ನಾನು ಕೊಂಡಿದ್ದು ನಿಜ ಕೂದಲಿನ ವಿಗ್. ಭುಜದವರೆಗೆ ಉದ್ದ, ನೆತ್ತಿಯ ಜಾಗದಲ್ಲಿ ಮೋನೋ ಬಲೆ, ಅಂದರೆ ಬೈತಲೆ ತೆಗೆದರೆ ಚರ್ಮದಂತೆ ಕಾಣುವ ತೆಳು ಬಲೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ 22,000 ರೂಪಾಯಿ ಆಯಿತು. ವಿಮೆಯವರು ಇದಕ್ಕೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಎಸಿ ಆಫೀಸಿಗೆ ಹೋಗಿಬರುವವರು ಇದಕ್ಕೆ ಐದು ಸ್ಟಾರ್ ಕೊಡಬಹುದು. ಮಡಿಕೇರಿ ಹತ್ತಿರ ತೋಟದ ಮನೆಯಲ್ಲಿರುವ ನಾನು ಕೊಡುವುದು ಮೂರು.

ನನ್ನದು ಸ್ತನ ಕ್ಯಾನ್ಸರ್, ಮೈಸೂರಿನಲ್ಲಿ ಕೀಮೋ. ಮೊದಲು ಮೂರು ವಾರಕ್ಕೊಮ್ಮೆ ನಾಲ್ಕು ಸಲ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್, ಆಮೇಲೆ ವಾರ ವಾರ ಪ್ಯಾಕ್ಲಿಟ್ಯಾಕ್ಸೆಲ್. ಡಾಕ್ಸೊರುಬಿಸಿನ್‌ಗೆ ವಾರ್ಡ್‌ನಲ್ಲಿ ಎಲ್ಲರೂ ಕೆಂಪು ಇಂಜೆಕ್ಷನ್ ಅಂತಲೇ ಹೇಳುವುದು. ಬೇಗ ಬೇಗ ಬೆಳೆಯುವ ಜೀವಕೋಶಗಳ ಮೇಲೆ ಈ ಔಷಧಿಗಳು ಬೀಳುತ್ತವೆ. ಕ್ಯಾನ್ಸರ್ ಗಡ್ಡೆಯಷ್ಟೇ ಅಲ್ಲ, ಕೂದಲಿನ ಬುಡದ್ದೂ ಅದೇ ಜಾತಿ. ಹಾಗಾಗಿ ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ದಿಂಬಿನ ತುಂಬ ಕೂದಲು. ಅದಕ್ಕೂ ಮೊದಲೇ ನೆತ್ತಿ ಮುಟ್ಟಿದರೆ ನೋವು. ಹುಬ್ಬು, ರೆಪ್ಪೆಯೂ ಹೋಗುತ್ತವೆ. ಮೂಗಿನೊಳಗಿನ ಕೂದಲು ಹೋದರೆ ಮೂಗು ಸುಮ್ನೆ ಸೋರುತ್ತಿರುತ್ತದೆ, ಇದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ!

ತಲೆ ತಣ್ಣಗಿಟ್ಟು ಕೂದಲು ಉಳಿಸುವ ಕೂಲಿಂಗ್ ಕ್ಯಾಪ್ ಬಗ್ಗೆ ಕೇಳುವವರಿಗೆ ಒಂದು ಮಾತು. ಅಮೆರಿಕದಲ್ಲಿ 2015ರಲ್ಲೇ ಸ್ತನ ಕ್ಯಾನ್ಸರ್‌ಗೆ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ತಣ್ಣಗಾದಾಗ ರಕ್ತನಾಳ ಬಿಗಿಯಾಗಿ ಕೂದಲಿನ ಬುಡಕ್ಕೆ ಔಷಧಿ ಕಡಿಮೆ ಹೋಗುತ್ತದೆ, ಲೆಕ್ಕ ಇಷ್ಟೇ. ಆದರೆ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಿಗೆ ಅದು ಕೆಲಸ ಮಾಡಿದಷ್ಟು ಕೆಂಪು ಇಂಜೆಕ್ಷನ್‌ಗೆ ಮಾಡುವುದಿಲ್ಲ. ನಾನು ಹೋಗುತ್ತಿದ್ದ ಕಡೆ ಅದು ಇರಲೂ ಇಲ್ಲ.

ಕೂದಲು ಉದುರುವ ಮೊದಲೇ ವಿಗ್ ಅಂಗಡಿಗೆ ಹೋದರೆ ಒಳ್ಳೆಯದು. ಬಣ್ಣ ಹೊಂದಿಸುವುದು ಸುಲಭ. ಆದರೆ ಆಗ ತೆಗೆದ ಅಳತೆ ಆಮೇಲೆ ಸಡಿಲವಾಗುತ್ತದೆ, ತಲೆ ಬೋಳಾದ ಮೇಲೆ ಸುತ್ತಳತೆ ಕಡಿಮೆಯಾಗುತ್ತದಲ್ವಾ. ಹಿಂದೆ ಕತ್ತಿನ ಬಳಿ ಎಲಾಸ್ಟಿಕ್ ಪಟ್ಟಿ, ಸಣ್ಣ ಕೊಂಡಿ ಇರುತ್ತವೆ, ಅದನ್ನು ಬಿಗಿ ಮಾಡಿಕೊಳ್ಳುವುದನ್ನು ಅಂಗಡಿಯಲ್ಲೇ ಕಲಿತು ಬನ್ನಿ. ಒಳಗೆ ಹಾಕುವ ವೆಲ್ವೆಟ್ ಬ್ಯಾಂಡ್ ಪ್ರತ್ಯೇಕ ಕೊಳ್ಳಬೇಕು. ಅದಿಲ್ಲದೆ ಬಗ್ಗಿದರೆ ವಿಗ್ ಹಣೆಗೆ ಇಳಿಯುತ್ತದೆ. ಉಳಿದ ಕೂದಲು ತೆಗೆಸಲು ಬ್ಲೇಡ್ ಬೇಡ, ಟ್ರಿಮ್ಮರ್ ಸಾಕು. ಕೀಮೋದಿಂದ ಬಿಳಿ ರಕ್ತಕಣ ಕಡಿಮೆ ಇರುವಾಗ ಸಣ್ಣ ಗಾಯವೂ ಸೋಂಕಿಗೆ ದಾರಿ.

ಇನ್ನು ಕೊಡಗಿನ ಕಥೆ. ಏಪ್ರಿಲ್‌ನಲ್ಲಿ ಹಾಕಿಕೊಂಡಾಗ ನನಗೇ ಗುರುತು ಸಿಗದಷ್ಟು ಚೆನ್ನಾಗಿತ್ತು. ಜೂನ್ ಬಂತು. ನಿಜ ಕೂದಲಿನ ವಿಗ್ ತೊಳೆದರೆ ಹಿಂಡಬಾರದು, ಡ್ರೈಯರ್ ಬಿಸಿ ಜಾಸ್ತಿ ಕೊಡಬಾರದು, ಸ್ಟ್ಯಾಂಡ್ ಮೇಲೆ ತಾನಾಗಿ ಒಣಗಬೇಕು. ನಮ್ಮಲ್ಲಿ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ! ಮೂರನೇ ದಿನವೂ ಒಳಗಿನ ಬಲೆ ತಣ್ಣಗೆ ಅಂಟಂಟು, ಆಮೇಲೆ ಮುಗ್ಗಲು ವಾಸನೆ. ಒಲೆಯ ಮೇಲಿನ ಅಟ್ಟದಲ್ಲಿ ಇಡೋಣ ಅಂದರು ಅತ್ತೆ. ಹೊಗೆ ಹಿಡಿದ ವಿಗ್ ಹಾಕಿಕೊಂಡು ಆಸ್ಪತ್ರೆಗೆ ಹೋದರೆ ಡಾಕ್ಟರ್ ಏನಂದುಕೊಂಡಾರು ಅಂತ ನಾನು ಒಪ್ಪಲಿಲ್ಲ.

ಮಳೆಗಿಂತ ಹೆಚ್ಚು ಹಾಳು ಮಾಡಿದ್ದು ಸ್ವೆಟರ್. ಉಣ್ಣೆಯ ಕಾಲರ್ ಕತ್ತಿಗೆ ತಾಗಿ ತಾಗಿ, ಹಿಂದಿನ ಕೂದಲು ಒಳಪದರದಿಂದಲೇ ಗಂಟಾಗುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಎತ್ತಿ ನೋಡಿದರೆ ತೆಂಗಿನ ನಾರು. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಕೂರಬೇಕು. ಎಷ್ಟು ನಾಜೂಕಾಗಿ ಬಿಡಿಸಿದರೂ ಒಂದಷ್ಟು ಕಿತ್ತು ಬರುತ್ತದೆ. ಅದು ಮತ್ತೆ ಬೆಳೆಯುವ ಕೂದಲಲ್ಲ. ಸರ್ವಿಸ್ ಉಚಿತ ಅಂದಿದ್ದ ಅಂಗಡಿಯವರು, ಕೊರಿಯರ್‌ನಲ್ಲಿ ಕಳಿಸಿದಾಗ ವಾರಗಟ್ಟಲೆ ಇಟ್ಟುಕೊಂಡು ಹಾಗೇ ವಾಪಸ್ ಕಳಿಸಿದರು.

ಡಿಸೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು. ಗಿಡಗಳ ಮಧ್ಯೆ ಬಗ್ಗಿ ಹೋಗುವಾಗ ಕೊಂಬೆಯೊಂದು ವಿಗ್ ಎತ್ತಿಕೊಂಡೇ ಬಿಟ್ಟಿತು. ಹಿಂದೆ ಬರುತ್ತಿದ್ದ, ತೋಟದ ಕೆಲಸದವರ ಲೈನ್‌ಮನೆಯ ಹುಡುಗಿ ಬಿಡಿಸಿ ಕೊಡುತ್ತಾ, "ಅಕ್ಕ, ಕಾಫಿ ಗಿಡಕ್ಕೂ ನಿಮ್ಮ ಕೂದಲು ಬೇಕಂತೆ" ಅಂದಳು. ನಗು ತಡೆಯಲಾಗಲಿಲ್ಲ. ಅವತ್ತಿನಿಂದ ವಿಗ್ ತೋಟಕ್ಕೆ ಬರಲಿಲ್ಲ.

ದಿನನಿತ್ಯಕ್ಕೆ ನನ್ನನ್ನು ಕಾಪಾಡಿದ್ದು ಹತ್ತಿ ಟೋಪಿ ಮತ್ತು ನಮ್ಮ ವಸ್ತ್ರ. ಟೋಪಿ ಒಂದಕ್ಕೆ 300 ರೂಪಾಯಿ ಒಳಗೇ ಸಿಗುತ್ತದೆ. ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿಕೊಳ್ಳಿ, ನೋಯುವ ನೆತ್ತಿಗೆ ಒತ್ತುವುದಿಲ್ಲ. ರಾತ್ರಿಯೂ ಬೇಕು, ಬೋಳು ತಲೆಗೆ ಮಡಿಕೇರಿ ಚಳಿ ಅಂದರೆ ಸಾಮಾನ್ಯವಲ್ಲ. ವಸ್ತ್ರ ಅಂದರೆ ಕೊಡವ ಹೆಂಗಸರು ತಲೆಗೆ ಕಟ್ಟಿ ಹಿಂದೆ ಗಂಟು ಹಾಕುವ ಬಟ್ಟೆ. ಅತ್ತೆಯ ಪೆಟ್ಟಿಗೆಯಲ್ಲಿ ಬೇಕಾದಷ್ಟಿದ್ದವು. ರೇಷ್ಮೆಯದು ಬೋಳು ತಲೆಯಲ್ಲಿ ಜಾರುತ್ತದೆ, ಹತ್ತಿಯದೇ ಸರಿ. ಮದುವೆಗೆ ಕೊಡವ ಸೀರೆ ಉಟ್ಟು ವಸ್ತ್ರ ಕಟ್ಟಿಕೊಂಡು ಹೋದರೆ ಒಬ್ಬರೂ ಏನಾಯಿತು ಅಂತ ಕೇಳುವುದಿಲ್ಲ. ವಿಗ್ ಹಾಕಿಕೊಂಡು ಹೋದಾಗಲೇ ನಾಲ್ಕು ಜನ ದಿಟ್ಟಿಸಿ ನೋಡಿದ್ದು.

ಸಿಂಥೆಟಿಕ್ ವಿಗ್ ಕೂಡ ಬಳಸಿದ್ದೇನೆ. ಕೀಮೋ ವಾರ್ಡ್‌ನಲ್ಲಿ ಪರಿಚಯವಾದ ಕುಶಾಲನಗರದ ಅಕ್ಕ ಒಬ್ಬರು ತಮ್ಮದು ಮುಗಿದ ಮೇಲೆ ಕೊಟ್ಟರು. ಹೊಳಪು ಸ್ವಲ್ಪ ಜಾಸ್ತಿ, ಬಿಸಿಲಲ್ಲಿ ಗೊತ್ತಾಗುತ್ತದೆ. ಆದರೆ ಹಗುರ, ಮಳೆಗಾಲದಲ್ಲೂ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ, ತೊಳೆದ ಮೇಲೂ ಅದೇ ಆಕಾರ. ಶತ್ರು ಒಂದೇ, ಬಿಸಿ. ನಮ್ಮ ಕೈಲ್‌ಪೊಳ್ದ್ ಹಬ್ಬದ ದಿನ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆ, ಬೆಂದಿತಾ ಅಂತ ಮುಚ್ಚಳ ತೆಗೆದೆ, ಹಬೆ ಮುಖಕ್ಕೆ ಹೊಡೆಯಿತು. ಹಣೆಯ ಮೇಲಿನ ಕೂದಲು ಸುರುಟಿ ಗರಿಗರಿಯಾಯಿತು. ಅದನ್ನು ಸರಿಮಾಡಲಾಗುವುದಿಲ್ಲ, ಕತ್ತರಿಸಬೇಕು ಅಷ್ಟೇ. ಅಡುಗೆಮನೆಗೆ ಟೋಪಿಯೇ ಸರಿ.

ಕೀಮೋ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಮೆತ್ತಗಿನ ಕೂದಲು ಬರತೊಡಗಿತು. ಮೊದಲು ನೆಟ್ಟಗಿದ್ದದ್ದು ಈಗ ಗುಂಗುರು, ಅರ್ಧ ಬೆಳ್ಳಗೆ. ಹೀಗೆ ಆಗುವುದು ಮಾಮೂಲು. ಈ ಹೊಸ ಕೂದಲಿನ ಮೇಲೆ ವಿಗ್ ಹಾಕಿದರೆ ತುರಿಕೆ ಜಾಸ್ತಿ. ಕಿವಿ ಮುಚ್ಚುವಷ್ಟು ಬೆಳೆಯುವವರೆಗೆ ಮೈಸೂರಿಗೆ ಹೋಗುವಾಗ, ಬ್ಯಾಂಕಿಗೆ, ಮಗಳ ಶಾಲೆಗೆ ಹಾಕಿಕೊಂಡೆ. ಅಲ್ಲೆಲ್ಲ ವಿಗ್ ಕೊಟ್ಟ ಧೈರ್ಯಕ್ಕೇ ಆ ಮೂರು ಸ್ಟಾರ್.

ಮತ್ತೆ ಕೊಳ್ಳಬೇಕಾದರೆ? ನಿಜ ಕೂದಲಿನದು ಬೇಡ. 4,000-5,000ದೊಳಗಿನ ಸಿಂಥೆಟಿಕ್, ನಾಲ್ಕು ಹತ್ತಿ ಟೋಪಿ, ವೆಲ್ವೆಟ್ ಬ್ಯಾಂಡ್. ಉಳಿದ ದುಡ್ಡು ಮೈಸೂರಿಗೆ ಓಡಾಡುವ ಕಾರಿನ ಬಾಡಿಗೆಗೆ. ಮಳೆಗಾಲದಲ್ಲಿ ಕೀಮೋ ಶುರುವಾಗುವವರು ಟೋಪಿ ಇನ್ನೆರಡು ಜಾಸ್ತಿ ತಗೊಳ್ಳಿ, ಒಣಗಲ್ಲ.